ಅವತರಣ ಮೀಮಾಂಸೆ: ನಿಡುಗಲ್ ಸೀಮೆಯವರು ಆಕಾಶದಿಂದ ಇಳಿಯುವ ಬಗೆ

ವಿಮಾನ ಏರುವ ಬಗ್ಗೆ ಕನ್ನಡನಾಡಿನಲ್ಲಿ ಶಾಸ್ತ್ರಕ್ಕೆ ಬರವಿಲ್ಲ. ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು 1918ರಿಂದ 1923ರವರೆಗೆ ಹೇಳಿ ಬರೆಸಿದ ‘ವೈಮಾನಿಕ ಶಾಸ್ತ್ರ’ಕ್ಕೆ ಭರದ್ವಾಜ ಮಹರ್ಷಿಯ ಹೆಸರಿನ ಬಲವಿದೆ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಅದನ್ನು ಕೂತು ಓದಿ, ಲೆಕ್ಕ ಹಾಕಿ, ಅಲ್ಲಿ ಹೇಳಿರುವ ವಿಮಾನಗಳಿಗೆ ಹಾರುವ ಲಕ್ಷಣವೇ ಇಲ್ಲ ಎಂದರು. ಹಾರದ ವಿಮಾನಕ್ಕೆ ಇಳಿಯುವ ಚಿಂತೆಯಿಲ್ಲ. ಹಾಗಾಗಿ ಅವತರಣದ ಅಧ್ಯಾಯ ಬರೆಯುವ ಭಾರ ಮುಂದಿನವರ ತಲೆಗೆ ಬಿತ್ತು. ಆ ಭಾರವನ್ನು ಹೊರಲು ನಿಡುಗಲ್ ಸೀಮೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದವರಷ್ಟು ಯೋಗ್ಯರು ಇನ್ನಾರೂ ಇಲ್ಲವೆಂಬುದು ಈ ಪ್ರಬಂಧದ ಪ್ರತಿಜ್ಞೆ. ಕಾರಣ ಸರಳ: ಈ ನಾಲ್ಕು ತಾಲ್ಲೂಕುಗಳಲ್ಲಿ ಒಂದು ವಿಮಾನ ನಿಲ್ದಾಣವೂ ಇಲ್ಲ. ಸ್ವಂತ ನಿಲ್ದಾಣವಿದ್ದವರಿಗೆ ನಿಷ್ಪಕ್ಷಪಾತ ಎಲ್ಲಿಂದ ಬರಬೇಕು?

ಮೊದಲು ಕ್ಷೇತ್ರನಿರ್ಣಯ. 2008ರ ಮೇ ತಿಂಗಳಲ್ಲಿ ಬೆಂಗಳೂರಿನ ಎಚ್‌ಎಎಲ್ ನಿಲ್ದಾಣದ ಪ್ರಯಾಣಿಕ ವಿಮಾನಗಳೆಲ್ಲ ದೇವನಹಳ್ಳಿಗೆ ಎತ್ತಂಗಡಿಯಾದಾಗಿನಿಂದ ಈ ಸೀಮೆಯವರ ಅವತರಣಭೂಮಿ ಅದೇ. ಕಾಗೆ ಹಾರುವ ಲೆಕ್ಕದಲ್ಲಿ ಅಲ್ಲಿಂದ ಕೊರಟಗೆರೆಗೆ ಅರವತ್ತು ಚಿಲ್ಲರೆ ಕಿಲೋಮೀಟರ್, ಮಧುಗಿರಿಗೆ ಎಪ್ಪತ್ತು ದಾಟುತ್ತದೆ, ಶಿರಾ ಮತ್ತು ಪಾವಗಡಕ್ಕೆ ನೂರು ಮೀರುತ್ತದೆ. ಪಾವಗಡದವರಿಗೆ ಇದರ ಅರ್ಧ ದೂರದಲ್ಲೇ, ಗಡಿಯಾಚೆಯ ಪುಟ್ಟಪರ್ತಿಯಲ್ಲಿ, 1990ರಲ್ಲಿ ಆದ ರನ್‌ವೇ ಒಂದಿದೆ. ಆದರೆ ನಿತ್ಯ ಓಡಾಡುವ ಪ್ರಯಾಣಿಕ ವಿಮಾನ ಅಲ್ಲಿಗೆ ಬರುವುದಿಲ್ಲ. ಹತ್ತಿರವಿದ್ದೂ ದಕ್ಕದ್ದನ್ನು ಪಾವಗಡದವರು ಬೇಕಾದಷ್ಟು ಕಂಡಿದ್ದಾರೆ, ಇದು ಪಟ್ಟಿಗೆ ಇನ್ನೊಂದು.

ಇಳಿಯುವ ವಿಮಾನ ಸಾಮಾನ್ಯವಾಗಿ ಮೂರು ಡಿಗ್ರಿ ಓರೆಯಲ್ಲಿ ನೆಲಕ್ಕೆ ಬರುತ್ತದೆ. ಅಂದರೆ ಕಿಲೋಮೀಟರಿಗೆ ಸುಮಾರು 52 ಮೀಟರ್ ಇಳಿತ. ಆ ಓರೆಗೆರೆಯನ್ನು ಹಿಂದಕ್ಕೆ ಮಧುಗಿರಿಯವರೆಗೆ ಎಳೆದರೆ ಅದು ಸಮುದ್ರಮಟ್ಟದಿಂದ ಹೆಚ್ಚುಕಡಿಮೆ 4,800 ಮೀಟರ್ ಎತ್ತರದಲ್ಲಿ ಹಾಯುತ್ತದೆ. ಮಧುಗಿರಿಯ ಏಕಶಿಲೆಯ ಬೆಟ್ಟ ಸುಮಾರು 1,200 ಮೀಟರ್. ನಡುವೆ ಮೂರೂವರೆ ಕಿಲೋಮೀಟರ್ ಖಾಲಿ ಗಾಳಿ. ಆದ್ದರಿಂದ ಬೆಟ್ಟದಿಂದ ವಿಮಾನಕ್ಕಾಗಲಿ, ವಿಮಾನದಿಂದ ಬೆಟ್ಟಕ್ಕಾಗಲಿ ಬಾಧಕವಿಲ್ಲವೆಂದು ಸಿದ್ಧವಾಯಿತು. ಹಾಗೆಂದು ಯಾರೂ ಕೇಳಿರಲಿಲ್ಲ. ಆದರೂ ಶಾಸ್ತ್ರವೆಂದ ಮೇಲೆ ಸಿದ್ಧಪಡಿಸಲೇಬೇಕು.

ಇನ್ನು ಪ್ರಮಾಣಗಳು. ವಿಮಾನ ಇಳಿಯುತ್ತಿದೆ ಎಂದು ತಿಳಿಯುವುದು ಪ್ರತ್ಯಕ್ಷ, ಅನುಮಾನ, ಶಬ್ದ ಎಂಬ ಮೂರರಿಂದ. ಶಬ್ದಪ್ರಮಾಣವೆಂದರೆ ಪೈಲಟ್ ಮಾಡುವ ಘೋಷಣೆ. ಅದು ಕೇಳಿಸುತ್ತದೆ, ತಿಳಿಯುವುದಿಲ್ಲ. ಅಷ್ಟರ ಮಟ್ಟಿಗೆ ಅದು ವೇದಸಮಾನ.

ಅನುಮಾನದ ಕರಣ ಕಿವಿ. ವಿಮಾನ ಎಷ್ಟೇ ಎತ್ತರದಲ್ಲಿರಲಿ, ಒಳಗಿನ ಗಾಳಿಯ ಒತ್ತಡವನ್ನು ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿರುವಷ್ಟಕ್ಕೆ ಹಿಡಿದಿಟ್ಟಿರುತ್ತಾರೆ. ಇಳಿಯುವಾಗ ಆ ಒತ್ತಡ ನೆಲದ ಮಟ್ಟಕ್ಕೆ ಏರಬೇಕು. ಗಂಟಲಿನಿಂದ ಕಿವಿಗೆ ಹೋಗುವ ನಾಳ ಆ ವೇಗಕ್ಕೆ ತೆರೆದುಕೊಳ್ಳದಿದ್ದರೆ ಕಿವಿ ಗವ್ವೆನ್ನುತ್ತದೆ. ಉಗುಳು ನುಂಗಿದರೆ ಬಿಡುತ್ತದೆ. ದೇವನಹಳ್ಳಿ ಇರುವುದೇ ಮೂರು ಸಾವಿರ ಅಡಿಯ ಮೇಲೆ. ಮಂಗಳೂರಿನ ನಿಲ್ದಾಣ ಮುನ್ನೂರು ಚಿಲ್ಲರೆ ಅಡಿಯಲ್ಲಿದೆ. ಹೀಗಾಗಿ ಕರಾವಳಿಯಲ್ಲಿ ಇಳಿಯುವವರು ಹೆಚ್ಚು ಉಗುಳು ನುಂಗಬೇಕು. ಬಯಲುಸೀಮೆಗೆ ಪ್ರಕೃತಿ ತೋರಿದ ದಯೆ ಹುಡುಕಿದರೆ ಇದೊಂದು ಸಿಗುತ್ತದೆ.

ಪ್ರತ್ಯಕ್ಷವೇ ಮೂರರಲ್ಲಿ ಗೊಂದಲದ್ದು. ಕಿಟಕಿಯ ಪಕ್ಕ ಕೂತ ಮಧುಗಿರಿಯವರಿಗೆ ಕಾಣುವ ಪ್ರತಿ ಬೋಳುಬಂಡೆಯೂ ಮಧುಗಿರಿ ಬೆಟ್ಟವೇ. ಪಕ್ಕದವರು ಕೊರಟಗೆರೆಯವರಾದರೆ ಅದೇ ಬಂಡೆ ಚನ್ನರಾಯನದುರ್ಗ ಆಗುತ್ತದೆ, ಅಥವಾ ಸಿದ್ಧರಬೆಟ್ಟ. ಅದು ನಂದಿಬೆಟ್ಟವೋ ಶಿವಗಂಗೆಯೋ ಆಗಿರುವ ಸಂಭವವೇ ಹೆಚ್ಚು. ಆದರೆ ಸಂಭವವನ್ನು ನಂಬಿ ಊರು ಬಿಟ್ಟುಕೊಡುವವರು ಯಾರು?

ಪಾವಗಡದವರ ಪ್ರತ್ಯಕ್ಷ ಬೇರೆ ಬಗೆಯದು. ಆಕಾಶ ತಿಳಿಯಾಗಿದ್ದು, ಉತ್ತರದಿಂದ ಬರುವ ವಿಮಾನ ಪಾವಗಡದ ಮೇಲಿನ ದಾರಿ ಹಿಡಿದಿದ್ದರೆ, ಕೆಳಗೆ ಕಪ್ಪುನೀಲಿಯ ಹರವೊಂದು ಫಳಫಳ ಹೊಳೆಯುತ್ತದೆ. ಕೋಡಿ ಬಿದ್ದ ಕೆರೆಯೆಂದು ಕಣ್ಣು ಹೇಳುತ್ತದೆ. ಪಾವಗಡದಲ್ಲಿ ಅಂಥ ಕೆರೆಯೇ ಎಂದು ಬುದ್ಧಿ ತಕರಾರು ಎತ್ತುತ್ತದೆ. ಅದು ತಿರುಮಣಿ, ವಳ್ಳೂರು ಸುತ್ತಲಿನ ಸೌರ ವಿದ್ಯುತ್ ಪಾರ್ಕ್: 13,000 ಎಕರೆ, 2,050 ಮೆಗಾವಾಟ್. ಮಳೆ ಕೈಕೊಟ್ಟ ಜಮೀನನ್ನು ರೈತರು ಮಾರಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯ ಲೆಕ್ಕದಲ್ಲಿ ಗೇಣಿಗೆ ಕೊಟ್ಟರು. ಶುಕ್ತಿಯಲ್ಲಿ ರಜತ, ಹಗ್ಗದಲ್ಲಿ ಹಾವು ಎಂದು ವೇದಾಂತಿಗಳು ಕೊಡುವ ಹಳೆಯ ಉದಾಹರಣೆಗಳ ಪಕ್ಕದಲ್ಲಿ ಇನ್ನು ಮುಂದೆ ಪ್ಯಾನೆಲ್‌ನಲ್ಲಿ ಕೆರೆ ಎಂಬುದನ್ನೂ ಇಡಬಹುದು. ಬಿಸಿಲಿದ್ದರೆ ಮಾತ್ರ ತುಂಬುವ ಕೆರೆ ಇನ್ನೆಲ್ಲೂ ಇಲ್ಲ.

ಯಾವ ಇಳಿತ ನೆನಪಿನಲ್ಲಿ ಉಳಿಯುತ್ತದೆ ಎಂಬಲ್ಲಿಗೆ ಬಂದರೆ ಪೂರ್ವಪಕ್ಷಿ ಎದ್ದು ನಿಲ್ಲುತ್ತಾನೆ. ಮರೆಯಲಾಗದ ಇಳಿತವೆಂದರೆ ಅಪಾಯದ ಇಳಿತ ಎಂಬುದು ಅವನ ವಾದ. ಅವನ ಜೋಳಿಗೆ ದೊಡ್ಡದು. ಹಾಂಗ್‌ಕಾಂಗಿನ ಕೈ ಟಾಕ್‌ನಲ್ಲಿ ಪೈಲಟ್‌ಗಳು ಚೌಕಳಿ ಬಣ್ಣ ಬಳಿದ ಗುಡ್ಡವನ್ನೇ ನೋಡುತ್ತ ಬಂದು, ಹತ್ತಿರವಾದಾಗ 47 ಡಿಗ್ರಿ ಬಲಕ್ಕೆ ತಿರುಗಿ, ಮಹಡಿಮನೆಗಳ ತಾರಸಿ ಸವರಿಕೊಂಡು ಇಳಿಯುತ್ತಿದ್ದರು. 1998ರ ಜುಲೈನಲ್ಲಿ ಅದು ಮುಚ್ಚಿತು. ನೇಪಾಳದ ಲುಕ್ಲಾದಲ್ಲಿ ರನ್‌ವೇ 527 ಮೀಟರ್ ಮಾತ್ರ, ಅದೂ ಇಳಿಜಾರು, ತುದಿಯಲ್ಲಿ ಬೆಟ್ಟ. ಸ್ಕಾಟ್ಲೆಂಡಿನ ಬಾರಾ ದ್ವೀಪದಲ್ಲಿ ಸಮುದ್ರದಂಡೆಯ ಮರಳೇ ರನ್‌ವೇ, ವೇಳಾಪಟ್ಟಿ ಬರೆಯುವುದು ಉಬ್ಬರವಿಳಿತ. ಇವುಗಳ ಮುಂದೆ ನಾಲ್ಕು ಸಾವಿರ ಮೀಟರಿನ ಎರಡು ರನ್‌ವೇ ಹಾಸಿಕೊಂಡು ಮಲಗಿರುವ ದೇವನಹಳ್ಳಿ ಯಾವ ಲೆಕ್ಕ ಎಂದು ಅವನು ಕೇಳುತ್ತಾನೆ.

ಪೂರ್ವಪಕ್ಷಿಗೆ ಒಂದು ಮಾತು ಬಿಟ್ಟುಕೊಡಬೇಕು. ಮಂಗಳೂರಿನ ಬಜಪೆಯ ಗುಡ್ಡದ ನೆತ್ತಿಯ ರನ್‌ವೇ ದಾಟಿ 2010ರ ಮೇ 22ರಂದು ವಿಮಾನ ಕಮರಿಗೆ ಬಿದ್ದು 158 ಜನ ಸತ್ತರು. ಆ ಇಳಿತವನ್ನು ಅಣಕಿಸುವ ಅಧಿಕಾರ ಯಾವ ಮೀಮಾಂಸೆಗೂ ಇಲ್ಲ. ಅದರ ನೆರಳಲ್ಲಿ ಒಂದು ತಪ್ಪು ತಿಳಿವಳಿಕೆಯನ್ನಷ್ಟೇ ತಿದ್ದಬಹುದು. ಹೂವಿನಂತೆ ಇಳಿಸಿದವನು ಜಾಣ ಪೈಲಟ್, ಧಡ್ ಎನಿಸಿದವನು ದಡ್ಡ ಎಂದು ಪ್ರಯಾಣಿಕರು ನಂಬಿದ್ದಾರೆ. ಮಳೆಯಲ್ಲಿ ನೆನೆದ ಗಿಡ್ಡ ರನ್‌ವೇಯಲ್ಲಿ ಪೈಲಟ್ ಬೇಕೆಂದೇ ಗಟ್ಟಿಯಾಗಿ ಊರುತ್ತಾನೆ. ನೀರಿನ ಪೊರೆ ಒಡೆದು ಚಕ್ರ ನೆಲ ಹಿಡಿದರೆ ತಾನೇ ಬ್ರೇಕು ಹತ್ತುವುದು.

ಡಿಸೆಂಬರ್, ಜನವರಿಯ ಮುಂಜಾವಿನ ಮಂಜು ದೇವನಹಳ್ಳಿಯ ಸ್ವಂತ ಆಸ್ತಿ. ಅಂಥ ದಿನ ವಿಮಾನಗಳು ಶನಿಮಹಾತ್ಮನ ಗುಡಿಗೆ ಬಂದ ಭಕ್ತರಂತೆ ಪ್ರದಕ್ಷಿಣೆ ಹಾಕುತ್ತವೆ. ಕೆಲವು ಸುತ್ತು ಮುಗಿಸಿ ಚೆನ್ನೈಗೋ ಹೈದರಾಬಾದಿಗೋ ಹೋಗಿ ಇಳಿದದ್ದೂ ಉಂಟು. ಬೆಂಗಳೂರಿಗೆಂದು ಹೊರಟ ಪಾವಗಡದವರು ತಮ್ಮೂರು ದಾಟಿಕೊಂಡು ಬಂದು, ಮತ್ತೆ ಅದರ ಮೇಲೇ ಹಿಂದಿರುಗಿ ಹೈದರಾಬಾದಿನಲ್ಲಿ ನೆಲ ಮುಟ್ಟಬಹುದು. ದಕ್ಷಿಣದ ರನ್‌ವೇಗೆ ದಟ್ಟ ಮಂಜಿನಲ್ಲೂ ಇಳಿಸುವ ಉಪಕರಣ ಬಂದ ಮೇಲೆ ಈ ಭಾಗ್ಯ ಕಡಿಮೆಯಾಗಿದೆ.

ಈಗ ಸಿದ್ಧಾಂತ. ನೆನಪಿನಲ್ಲಿ ಉಳಿಯುವುದು ಚಕ್ರ ನೆಲ ಮುಟ್ಟುವ ಗಳಿಗೆಯಲ್ಲ. ವಿಮಾನ ಇನ್ನೂ ಓಡುತ್ತಿರುವಾಗಲೇ ಸೀಮೆಯವರ ಮೊಬೈಲಿನಲ್ಲಿ ನಡೆಯುವ ಸಂವಾದವೇ ಇದಕ್ಕೆ ಆಧಾರ.

“ಇಳಿದ್ಯೇನಣ್ಣ?”

“ಹೂಂ, ಇಳಿದೆ ಕಣಪ್ಪಾ.”

“ಎಲ್ಲಿ?”

“ದೇವನಹಳ್ಳೀಲಿ.”

“ಅಂಗಾರೆ ಇನ್ನೂ ಇಳಿದಿಲ್ಲ ಬಿಡು.”

ತಮ್ಮನ ತೀರ್ಪು ಶಾಸ್ತ್ರಸಮ್ಮತ. ಮುಂಬಯಿಯಿಂದ ಬೆಂಗಳೂರಿಗೆ ಹಾರಲು ಒಂದೂವರೆ ಗಂಟೆ ಹಿಡಿದರೆ, ದೇವನಹಳ್ಳಿಯಿಂದ ಪಾವಗಡಕ್ಕೆ ನೆಲದ ಮೇಲೆ ಅದಕ್ಕಿಂತ ಹೆಚ್ಚೇ ಬೇಕು. ಗೌರಿಬಿದನೂರು ದಾರಿಯೋ ದೊಡ್ಡಬಳ್ಳಾಪುರ, ಕೊರಟಗೆರೆ ದಾರಿಯೋ ಎಂಬ ಜಿಜ್ಞಾಸೆಗೆ ಬೇರೆ ಹೊತ್ತು. ರಸ್ತೆಗೆ ಹುರುಳಿಯೋ ರಾಗಿಯೋ ಹರಡಿದ ಕಾಲವಾದರೆ ಇಳಿತದ ಕೊನೆಯ ಹಂತದಲ್ಲಿ ಒಕ್ಕಣೆಯ ಪುಣ್ಯವೂ ಸೇರುತ್ತದೆ.

ಬೆಂಗಳೂರಿನ ಎರಡನೇ ವಿಮಾನ ನಿಲ್ದಾಣ ಶಿರಾ ಕಡೆಗೆ ಬರಲಿ ಎಂದು ಜನಪ್ರತಿನಿಧಿಗಳು ಕೇಳಿದ್ದಾರೆ. 2025ರಲ್ಲಿ ಕೇಂದ್ರದ ತಂಡ ಬಂದು ನೋಡಿದ್ದು ಕನಕಪುರ ರಸ್ತೆಯ ಮತ್ತು ನೆಲಮಂಗಲ–ಕುಣಿಗಲ್ ದಾರಿಯ ಜಾಗಗಳನ್ನು. ದೇವನಹಳ್ಳಿ ನಿಲ್ದಾಣದವರೊಂದಿಗೆ ಸರ್ಕಾರ ಮಾಡಿಕೊಂಡ ಕರಾರಿನ ಪ್ರಕಾರ 2033ರವರೆಗೆ 150 ಕಿಲೋಮೀಟರ್ ವ್ಯಾಸಾರ್ಧದ ವೃತ್ತದೊಳಗೆ ಇನ್ನೊಂದು ಅಂತರರಾಷ್ಟ್ರೀಯ ನಿಲ್ದಾಣ ಕೂಡದು. ಮೈಸೂರು, ಹಾಸನಕ್ಕೆ ಮಾತ್ರ ವಿನಾಯಿತಿ. ನಿಡುಗಲ್ ಸೀಮೆಯ ನಾಲ್ಕೂ ತಾಲ್ಲೂಕುಗಳು ಆ ವೃತ್ತದೊಳಗೇ ಬೀಳುತ್ತವೆ. ಶಿರಾ ತಾಲ್ಲೂಕಿನ ಕಗ್ಗಲಡುವಿನ ಹುಣಸೆಮರಗಳೂ ಬೀಳುತ್ತವೆ. ಅಲ್ಲಿಗೆ ಬಣ್ಣದ ಕೊಕ್ಕರೆಗಳು ವರ್ಷಾವರ್ಷ ಬಂದು, ಕಾಲು ಮುಂದಕ್ಕೆ ಚಾಚಿ, ರೆಕ್ಕೆ ಅಗಲಿಸಿ ವೇಗ ಮುರಿದು, ಊರ ನಡುವಿನ ಕೊಂಬೆಗೇ ಇಳಿದು ಗೂಡು ಕಟ್ಟುತ್ತವೆ. ಕರಾರಿನಲ್ಲಿ ಅವುಗಳ ಸಹಿ ಇಲ್ಲ.