ಪೋಡಿಸ್ವತ್ವವಾದ ಮಂಡನೆ

ಪಿತ್ರಾರ್ಜಿತ ಆಸ್ತಿಯಲ್ಲಿ ಹಕ್ಕು ಹುಟ್ಟುವುದು ಯಾವ ಗಳಿಗೆಯಲ್ಲಿ ಎಂಬ ಪ್ರಶ್ನೆಯನ್ನು ಹಿಡಿದು ಜಗ್ಗಾಡಿದ ಧರ್ಮಶಾಸ್ತ್ರಜ್ಞರು ಕೊನೆಗೆ ಎರಡು ಪಕ್ಷವಾಗಿ ನಿಂತರು. ಆರನೆಯ ವಿಕ್ರಮಾದಿತ್ಯ ಆಳುತ್ತಿದ್ದ ಕಾಲದಲ್ಲಿ, ಎಂದರೆ 1076ರಿಂದ 1126ರ ನಡುವೆ, ಕಲ್ಯಾಣದಲ್ಲಿ ಕೂತು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರನದು ಜನ್ಮಸ್ವತ್ವವಾದ: ಮಗ ಹುಟ್ಟಿದಾಗಲೇ ಹಕ್ಕೂ ಹುಟ್ಟಿತು. ದಾಯಭಾಗ ಬರೆದ ಬಂಗಾಳದ ಜೀಮೂತವಾಹನನದು ಉಪರಮಸ್ವತ್ವವಾದ: ಅಪ್ಪ ಕಣ್ಣು ಮುಚ್ಚುವ ತನಕ ಮಗ ಬಾಯಿ ಮುಚ್ಚಿಕೊಂಡಿರಬೇಕು. ಇಬ್ಬರೂ ಮಹಾಪಂಡಿತರು, ಆದರೆ ಇಬ್ಬರೂ ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತಿದವರಲ್ಲ. ಆ ಕೊರತೆಯನ್ನು ನೀಗಿಸಲೆಂದು ಮೂರನೆಯ ಪಕ್ಷವೊಂದನ್ನು ಇಲ್ಲಿ ಸ್ಥಾಪಿಸಲಾಗುತ್ತಿದೆ. ಹಕ್ಕು ಜನನದಿಂದಲೂ ಬರುವುದಿಲ್ಲ, ಮರಣದಿಂದಲೂ ಬರುವುದಿಲ್ಲ, ಪೋಡಿಯಿಂದ ಬರುತ್ತದೆ.

ಮೊದಲು ಜನ್ಮಪಕ್ಷದ ಖಂಡನೆ. ಹುಟ್ಟಿನಿಂದಲೇ ಹಕ್ಕು ಬರುವುದಾದರೆ ಒಮ್ಮೆ ಹುಟ್ಟಿದರೆ ಸಾಕಿತ್ತು. ಹೆಣ್ಣುಮಕ್ಕಳ ವಿಷಯದಲ್ಲಿ ಹಾಗಾಗಲಿಲ್ಲ. ಕರ್ನಾಟಕದಲ್ಲಿ ಅವರು ಅವಿಭಕ್ತ ಕುಟುಂಬದ ಆಸ್ತಿಗೆ ಮೊದಲು ಹುಟ್ಟಿದ್ದು 1994ರ ತಿದ್ದುಪಡಿಯಲ್ಲಿ. ಅದೂ ಅಷ್ಟರೊಳಗೆ ಮದುವೆಯಾಗಿದ್ದವರನ್ನು ಹೊರಗಿಟ್ಟು. ಎರಡನೆಯ ಸಲ ಹುಟ್ಟಿದ್ದು ಕೇಂದ್ರದ ಕಾಯ್ದೆ ಜಾರಿಗೆ ಬಂದ 2005ರ ಸೆಪ್ಟೆಂಬರ್ 9ರಂದು. ಆಮೇಲೆ, ಆ ದಿನ ಅಪ್ಪ ಬದುಕಿದ್ದನೋ ಇಲ್ಲವೋ ಎಂಬ ಚರ್ಚೆ ಹದಿನೈದು ವರ್ಷ ನಡೆದು, ಅಪ್ಪ ಬದುಕಿರಬೇಕಾದ ಅಗತ್ಯವೇ ಇಲ್ಲ, ಇದು ಹುಟ್ಟಿನಿಂದ ಬಂದ ಹಕ್ಕು ಎಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದಾಗ ಮೂರನೆಯ ಜನ್ಮವಾಯಿತು. ಜನ್ಮಸಿದ್ಧವಾದುದಕ್ಕೆ ಮೂರು ಜನ್ಮ ಬೇಕಾದರೆ ಜನ್ಮವನ್ನು ಅದಕ್ಕೆ ಕಾರಣವೆನ್ನುವುದು ತರ್ಕವಲ್ಲ, ದಾಕ್ಷಿಣ್ಯ.

ಉಪರಮಪಕ್ಷದ ಗತಿಯೂ ಅಷ್ಟೇ. ಅದಕ್ಕೆ ಸಾವು ಬೇಕು. ಪಹಣಿಯ 9ನೇ ಕಾಲಂನಲ್ಲಿ ಸಾವೆಂಬುದೇ ಇಲ್ಲ. ಮರಣ ಪ್ರಮಾಣಪತ್ರ, ವಂಶವೃಕ್ಷ ಎಲ್ಲ ಸೇರಿ ಪೌತಿ ಖಾತೆಯಾಗುವ ತನಕ, ವೈಕುಂಠ ಸಮಾರಾಧನೆ ಮುಗಿಸಿಕೊಂಡು ಹೋದ ಅಜ್ಜ ಅಲ್ಲಿ ಚಿರಂಜೀವಿಯಾಗಿ ಇರುತ್ತಾನೆ. ಭೂಮಿ ತಂತ್ರಾಂಶ ಬಂದು ಕೈಬರಹದ ಪಹಣಿಗಳು ಹೋದಾಗಲೂ ಇಂಥ ಅಜ್ಜಂದಿರಿಗೆ ಏನೂ ಆಗಲಿಲ್ಲ, ಕಂಪ್ಯೂಟರಿನೊಳಕ್ಕೆ ಸ್ಥಳಾಂತರವಾದರು. ಜೀಮೂತವಾಹನ ಇದನ್ನು ಕಂಡಿದ್ದರೆ ಗ್ರಂಥವನ್ನು ಅರ್ಧಕ್ಕೇ ನಿಲ್ಲಿಸುತ್ತಿದ್ದ.

ಇನ್ನು ಸ್ವಪಕ್ಷ. ವಿಭಾಗವೆಂದರೇನು ಎಂಬುದಕ್ಕೆ ವಿಜ್ಞಾನೇಶ್ವರ ಕೊಟ್ಟ ಲಕ್ಷಣ ನಿಜಕ್ಕೂ ಸೊಗಸಾದದ್ದು. ಇಡೀ ಆಸ್ತಿಯ ಮೇಲೆ ಹಲವರಿಗಿರುವ ಒಡೆತನವನ್ನು ಅದರ ಒಂದೊಂದು ಭಾಗದಲ್ಲಿ ನೆಲೆಗೊಳಿಸುವುದೇ ವಿಭಾಗ ಎಂಬುದು ಅದರ ತಾತ್ಪರ್ಯ. ನೆಲೆಗೊಳಿಸುವವರು ಯಾರೆಂದು ಅವನು ಹೇಳಲಿಲ್ಲ. ಸರ್ವೆಯರ್ ಎಂದು ನಾವು ಹೇಳುತ್ತೇವೆ. ಜಂಟಿ ಪಹಣಿಯನ್ನು ತೆಗೆದು ನೋಡಿ. ಸರ್ವೆ ನಂಬರ್ 45/2, ನಾಲ್ಕು ಎಕರೆ, ನಾಲ್ಕು ಹೆಸರು, ಒಬ್ಬೊಬ್ಬರ ಮುಂದೆ ಒಂದೊಂದು ಎಕರೆ. ಯಾವ ಎಕರೆ? ಬಾವಿಯಿರುವುದೋ, ಬಂಡೆಯಿರುವುದೋ, ರಸ್ತೆಗೆ ಅಂಟಿದ್ದೋ, ಮಳೆಗಾಲದಲ್ಲಿ ಹಳ್ಳವಾಗುವುದೋ? ಪಹಣಿ ಮೌನ. ಆ ಒಂದು ಎಕರೆ ನಾಲ್ಕೂ ಕಡೆ ಇದೆ, ಎಲ್ಲೂ ಇಲ್ಲ. ಬ್ರಹ್ಮವಸ್ತುವಿಗೆ ಹೇಳಬೇಕಾದ ಮಾತನ್ನು ಇಲ್ಲಿ ರಾಗಿ ಹೊಲಕ್ಕೆ ಹೇಳಬೇಕಾಗಿದೆ. ಅದನ್ನು ಮಾರಲು ಹೋದರೆ ಸಬ್ ರಿಜಿಸ್ಟ್ರಾರ್ 11ಇ ನಕ್ಷೆ ಕೇಳುತ್ತಾರೆ. ನಕ್ಷೆಗೆ ಅರ್ಜಿ ಹಾಕಿ, ಅಕ್ಕಪಕ್ಕದ ಹಿಡುವಳಿದಾರರಿಗೆ ನೋಟಿಸು ಹೋಗಿ, ಅಳತೆಯಾಗಿ, ಮೂಲ ಟಿಪ್ಪಣಿಗೆ ತಾಳೆ ನೋಡಿ, ಹೊಸ ಹಿಸ್ಸಾ ನಂಬರ್ ಬಿದ್ದು, ಮ್ಯುಟೇಶನ್ ಆಗಿ ಪಹಣಿ ಬೇರೆಯಾದ, ಎಂದರೆ ಪೋಡಿಯಾದ, ಆ ಕ್ಷಣದಲ್ಲಿ ಎಕರೆಗೆ ನಾಲ್ಕು ಮೂಲೆ ಬರುತ್ತದೆ. ಮೂಲೆಯಿಲ್ಲದ್ದರ ಒಡೆಯನನ್ನು ಒಡೆಯನೆನ್ನುವುದು ಉಪಚಾರಕ್ಕೆ ಮಾತ್ರ.

ಸ್ವತ್ವವನ್ನು ಶಾಸ್ತ್ರದಿಂದ ಮಾತ್ರ ತಿಳಿಯಬೇಕೋ ಲೋಕವ್ಯವಹಾರದಿಂದಲೇ ತಿಳಿಯಬಹುದೋ ಎಂಬ ಜಿಜ್ಞಾಸೆಯಲ್ಲಿ ಮಿತಾಕ್ಷರದ ತೀರ್ಪು ಲೋಕದ ಕಡೆಗೇ ಬಿತ್ತು. ನಮ್ಮ ಸಿದ್ಧಾಂತದಲ್ಲಿ ಅದು ದಾಖಲೈಕಗಮ್ಯ. (ಈ ಸಮಾಸಕ್ಕೆ ವೈಯಾಕರಣರು ಆಕ್ಷೇಪಣೆ ಸಲ್ಲಿಸಬಹುದು, ನಿಗದಿತ ನಮೂನೆಯಲ್ಲಿ.) ಇಲ್ಲಿ ಪೂರ್ವಪಕ್ಷಿ ಎದ್ದು ನಿಲ್ಲುತ್ತಾನೆ: ಕಂದಾಯ ದಾಖಲೆಗಳಿಂದ ಒಡೆತನ ಹುಟ್ಟುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದೆಯಲ್ಲ? ಹೇಳಿದೆ. ಆದರೆ 1964ರ ಭೂ ಕಂದಾಯ ಕಾಯ್ದೆಯ 133ನೇ ಕಲಂ, ತಪ್ಪೆಂದು ರುಜುವಾತಾಗುವ ತನಕ ಆ ನಮೂದುಗಳನ್ನೇ ನಿಜವೆಂದು ಭಾವಿಸತಕ್ಕದ್ದು ಎನ್ನುತ್ತದೆ. ರುಜುವಾತಿಗೆ ಸಿವಿಲ್ ಕೋರ್ಟಿನಲ್ಲಿ ಒಂದು ತಲೆಮಾರು ಬೇಕು; ಅಲ್ಲಿಯವರೆಗೆ ಭಾವಿಸುವುದೇ ಬದುಕು. ಸಾಲ ಕೊಡುವ ಬ್ಯಾಂಕೂ ಹೆಣ್ಣು ಕೊಡುವ ಮಾವನೂ ಸುಪ್ರೀಂ ಕೋರ್ಟಿನ ತೀರ್ಪು ಓದಿಕೊಂಡು ಬರುವುದಿಲ್ಲ, ಪಹಣಿ ತೆಗೆಸಿಕೊಂಡು ಬರುತ್ತಾರೆ.

ಹಾಗಾದರೆ ಅಣ್ಣತಮ್ಮಂದಿರು ಜಗಲಿಯ ಮೇಲೆ ಪಂಚರೆದುರು ಕೂತು ಬರೆದುಕೊಂಡ ಪಾಲುಪಾರಿಕತ್ತಿಗೆ ಬೆಲೆಯಿಲ್ಲವೇ? ಇದೆ, ಕ್ರಿಯಾಪದ ಸರಿಯಾಗಿದ್ದರೆ. ‘ಈ ದಿನ ಪಾಲು ಮಾಡಿಕೊಂಡಿದ್ದೇವೆ’ ಎಂದು ಬರೆದರೆ 1908ರ ನೋಂದಣಿ ಕಾಯ್ದೆಯಂತೆ ಅದು ನೋಂದಣಿಯಾಗಲೇಬೇಕು. ‘ಹಿಂದೆಯೇ ಬಾಯಿಮಾತಿನಲ್ಲಿ ಪಾಲಾಗಿತ್ತು, ನೆನಪಿಗೆ ಬರೆದಿಟ್ಟಿದ್ದೇವೆ’ ಎಂದರೆ ಬೇಕಿಲ್ಲ. ಅದೇ ಅಣ್ಣತಮ್ಮಂದಿರು, ಅದೇ ಜಗಲಿ, ಅದೇ ಕಾಫಿ. ಬದಲಾದದ್ದು ಕಾಲಸೂಚಕ ಪ್ರತ್ಯಯ ಒಂದೇ. ಕೇಶಿರಾಜನೂ ಭೂತಕಾಲಕ್ಕೆ ಇಷ್ಟು ಬೆಲೆ ಕಟ್ಟಿರಲಿಲ್ಲ.

ಕೊನೆಯ ಆಕ್ಷೇಪ ಅನವಸ್ಥಾದೋಷದ್ದು. ತಲೆಮಾರಿಗೊಂದು ಪೋಡಿಯಾದರೆ ಇದಕ್ಕೆ ಕೊನೆಯೆಲ್ಲಿ? ವೈಶೇಷಿಕರು, ವಿಭಜನೆ ಪರಮಾಣುವಿನಲ್ಲಿ ನಿಲ್ಲದಿದ್ದರೆ ಮೇರುಪರ್ವತವೂ ಸಾಸಿವೆ ಕಾಳೂ ಒಂದೇ ಗಾತ್ರವಾಗಬೇಕಾದೀತು ಎಂದು ಅಂಜಿದರು. ಕಂದಾಯ ಇಲಾಖೆ ಅಂಜಲಿಲ್ಲ. ಎಕರೆಗೆ 40 ಗುಂಟೆ, ಗುಂಟೆಗೆ 16 ಆಣೆ. 1957ರಲ್ಲಿ ನಯಾಪೈಸೆ ಬಂದಾಗ ಜೇಬಿನಿಂದ ಹೊರಬಿದ್ದ ಆಣೆ ಪಹಣಿಯಲ್ಲಿ ಇಂದಿಗೂ ಸುಖವಾಗಿದೆ. ಒಂದು ಎಕರೆಯ 640 ಆಣೆಯನ್ನು ತಲೆಮಾರಿಗೆ ನಾಲ್ವರಂತೆ ಹಂಚಿದರೆ ಮಗನಿಗೆ 160, ಮೊಮ್ಮಗನಿಗೆ 40, ಮರಿಮಗನಿಗೆ 10, ಅವನ ಮಗನಿಗೆ ಎರಡೂವರೆ ಆಣೆ: ಸುಮಾರು 170 ಚದರಡಿ. ಅದರಲ್ಲಿ ಎತ್ತು ನಿಲ್ಲಬಹುದು, ನೇಗಿಲು ತಿರುಗಲಾರದು. ತುಂಡು ಹಿಡುವಳಿ ತಡೆಯಲೆಂದು 1966ರಲ್ಲಿ ಸರ್ಕಾರವೇ ಕಾಯ್ದೆ ಮಾಡಿ 1991ರಲ್ಲಿ ತಾನೇ ರದ್ದು ಮಾಡಿದ್ದನ್ನು ನಮ್ಮ ಪಕ್ಷಕ್ಕೆ ಸಿಕ್ಕ ರಾಜಮನ್ನಣೆ ಎಂದು ಎಣಿಸುತ್ತೇವೆ.

ಒಂದು ತೊಡಕು ಮಾತ್ರ ಉಳಿದಿದೆ. ಅವಯವಗಳು ಸೇರಿ ಅವಯವಿಯಾಗುತ್ತದೆ ಎಂಬುದು ನೈಯಾಯಿಕರ ನಂಬಿಕೆ. ಆದರೆ ಹಿಸ್ಸೆಗಳನ್ನೆಲ್ಲ ಕೂಡಿದರೆ ಪಹಣಿಯಲ್ಲಿ ನಾಲ್ಕು ಎಕರೆ ನಾಲ್ಕು ಗುಂಟೆ, ಆಕಾರಬಂದ್‌ನಲ್ಲಿ ನಾಲ್ಕೇ ಎಕರೆ ಬರುವುದುಂಟು. ಇವೆರಡೂ ತಾಳೆಯಾಗದೆ ಪೋಡಿ ಆಗದು. ಹೊಲದಲ್ಲಿ ಇಲ್ಲದ, ದಾಖಲೆಯಲ್ಲಿ ಮಾತ್ರ ಇರುವ ಆ ನಾಲ್ಕು ಗುಂಟೆಯೇ ನಮ್ಮ ಸಿದ್ಧಾಂತದ ಪ್ರಕಾರ ಶುದ್ಧಾತಿಶುದ್ಧ ಆಸ್ತಿ: ಅದನ್ನು ಯಾರೂ ಒತ್ತುವರಿ ಮಾಡಲಾರರು, ಹಂದಿ ನುಗ್ಗದು, ಖರಾಬು ಹಿಡಿಯದು. ಇಷ್ಟು ಶ್ರೇಷ್ಠವಾದುದನ್ನು ಯಾರ ಪಾಲಿಗೆ ಹಾಕಬೇಕೆಂದು ಪಂಚರನ್ನು ಕೇಳಿದರೆ ಉತ್ತರಕ್ಕೆ ತಡವಾಗುವುದಿಲ್ಲ. ಹೆಣ್ಣುಮಕ್ಕಳಿಗೆ ಬರೆದುಬಿಡಿ ಎನ್ನುತ್ತಾರೆ. ರುಜು ಹಾಕಲು ಹಬ್ಬಕ್ಕೆ ಹೇಗೂ ಬರುತ್ತಾರೆ.