ಕಣ್ಣಿಗೆ ಕಲಾಯಿ

ಮಿಂಚುವುದಕ್ಕೆ ನಮ್ಮ ಗುಡೂರಿನಲ್ಲಿ ಯಾರ ತಕರಾರೂ ಇಲ್ಲ. ಇಳಕಲ್ಲಿನ ಕೆಂಪು ಗ್ರಾನೈಟನ್ನು ಮುಖ ಕಾಣುವಷ್ಟು ಪಾಲಿಶ್ ಮಾಡಿಸಿ ಕಟ್ಟೆಗೆ ಹಾಸಬಹುದು. ಕಾರಹುಣ್ಣಿಮೆಗೆ ಎತ್ತಿನ ಕೋಡಿಗೆ ಬಣ್ಣ ಬಳಿದು ಬೇಗಡಿ ಸುತ್ತಬಹುದು. ಎತ್ತಿಗೆ ವಯಸ್ಸೆಷ್ಟಾಯಿತು ಎಂದು ಯಾರೂ ಕೇಳುವುದಿಲ್ಲ. ಆದರೆ ಮಗಳಿಗೆ ಗಂಡು ನೋಡುವ ವಯಸ್ಸಿನ ಹೆಂಗಸೊಬ್ಬಳ ಕಣ್ಣರೆಪ್ಪೆ ಮಿಂಚಿತೆನ್ನಿ, ಓಣಿಗೆಲ್ಲ ಕಾರಣ ಹೇಳಬೇಕು. ನನ್ನ ಹತ್ತಿರ ಕಾರಣವಿತ್ತು. ಪುಕ್ಕಟೆ ಸಿಕ್ಕಿತ್ತು.

ಕೊಟ್ಟವಳು ಬೆಂಗಳೂರಿನಲ್ಲಿ ಕೆಲಸಕ್ಕಿರುವ ಅಕ್ಕನ ಮಗಳು. ಅಂಗೈಯಗಲದ ಡಬ್ಬಿ, ಮುಚ್ಚಳದ ಒಳಮೈಗೆ ಕನ್ನಡಿ. ಅದರ ಕೆಳಗೆ ಸಾಲಾಗಿ ಬಿಲ್ಲೆಗಳು. ತಾಮ್ರ, ಹಿತ್ತಾಳೆ, ಕಂಚು, ಬೆಳ್ಳಿ, ಕೊನೆಗೆ ಯಾವ ಲೋಹಕ್ಕೂ ಸೇರದ ಒಂದು ಹಸಿರುಗೆಂಪು. ಐಶ್ಯಾಡೋ ಪ್ಯಾಲೆಟ್ ಅಂತೆ. ಪ್ರತಿ ಬಿಲ್ಲೆಗೂ ಇಂಗ್ಲಿಷಿನಲ್ಲಿ ಹೆಸರಿದೆ, ಆದರೆ ಒಂದೂ ಬಣ್ಣದ ಹೆಸರಲ್ಲ. ಒಂದಕ್ಕೆ ಯಾವುದೋ ಊರಿನದು, ಇನ್ನೊಂದಕ್ಕೆ ಯಾವುದೋ ಮದ್ಯದ್ದು. ಇಳಕಲ್ ಸೀರೆ ಅಂಗಡಿಯಲ್ಲಿ ಈ ತಾಪತ್ರಯವಿಲ್ಲ. ದಾಳಿಂಬರಿ ಎಂದರೆ ದಾಳಿಂಬರಿ. ಗಿಳಿಹಸಿರು ಎಂದರೆ ಬೇಕಾದರೆ ಗಿಳಿಯೇ ಬಂದು ಸಾಕ್ಷಿ ಹೇಳುತ್ತದೆ.

ಪಡಸಾಲೆಯಲ್ಲಿ ಅಡಕೆ ಕತ್ತರಿಸುತ್ತ ಕೂತಿದ್ದ ನಮ್ಮತ್ತಿ ಕತ್ತರಿ ನಿಲ್ಲಿಸಿ ನೋಡಿದರು.

“ಏನ ನಡಸೀರಿ ಅದು? ಕಲಾಯಿ ಹಾಕಾಕತ್ತೀರೇನು?”

ನಗು ಬಂತು, ಆದರೆ ವಿಚಾರ ಮಾಡಿದರೆ ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಕಲಾಯಿಯವನು ಮೊದಲು ಪಾತ್ರೆಯನ್ನು ಚೊಕ್ಕ ಮಾಡಿ ಕೆಂಡದ ಮೇಲೆ ಕಾಯಿಸುತ್ತಾನೆ, ನವಸಾಗರ ಉದುರಿಸುತ್ತಾನೆ, ಆಮೇಲೆ ತವರ ಸವರುತ್ತಾನೆ. ಇಲ್ಲಿಯೂ ಅದೇ ಕ್ರಮ. ಮೊದಲು ರೆಪ್ಪೆ ಒರೆಸಬೇಕು, ಬಣ್ಣ ಹಿಡಿಯಲು ಪ್ರೈಮರ್ ಸವರಬೇಕು, ಆಮೇಲೆ ಲೋಹ. ಕಾವು ಮಾತ್ರ ಬೆರಳಿನದು. ಒಣ ಬ್ರಶ್ಶಿನಿಂದ ಹಚ್ಚಿದರೆ ಪುಡಿಯೆಲ್ಲ ಗಲ್ಲಕ್ಕೆ ಉದುರುತ್ತದೆ. ಉಂಗುರಬೆರಳಿನ ತುದಿಯಿಂದ ಒತ್ತಿದರೆ ಕಚ್ಚಿಕೊಳ್ಳುತ್ತದೆ. ಹೀಗಾಗಿ ಕಣ್ಣಿನ ಕೆಲಸ ಮುಗಿಸಿಯೇ ಮುಖಕ್ಕೆ ಪೌಡರು.

“ರೆಪ್ಪಿ ನಡುವ ಅಷ್ಟ ಹಚ್ಚು ಚಿಗವ್ವಾ, ಮಡಿಕಿಗೆ ಹೋಗಬ್ಯಾಡ” ಎಂದಳು ಹುಡುಗಿ. ನನ್ನ ರೆಪ್ಪೆಯಲ್ಲಿ ಮಡಿಕೆ ಬಿಟ್ಟು ಉಳಿದ ಜಾಗ ಹುಡುಕಬೇಕು. ತಾಮ್ರ ಹಚ್ಚಿಕೊಂಡು ಕನ್ನಡಿ ನೋಡಿದರೆ ಇಷ್ಟು ದಿನ ಸುಮ್ಮನಿದ್ದ ಗೆರೆಗಳೆಲ್ಲ ದೀಪ ಹಿಡಿದುಕೊಂಡು ಹೊರಟಿದ್ದವು. ಲೋಹದ ಬಣ್ಣದ ಗುಣವೇ ಅದು. ಮಂಕು ಬಣ್ಣ ಸುಕ್ಕನ್ನು ಮುಚ್ಚಿಕೊಡುತ್ತದೆ, ಮಿಂಚು ಬಣ್ಣ ಎಣಿಸಿಕೊಡುತ್ತದೆ.

ರೆಪ್ಪೆಗೆ ಬಣ್ಣ ಹಚ್ಚುವುದೇನು ನಿನ್ನೆ ಮೊನ್ನೆಯದಲ್ಲ. ಈಜಿಪ್ಟಿನವರು ಸಾವಿರಾರು ವರ್ಷಗಳ ಹಿಂದೆಯೇ ಮ್ಯಾಲಕೈಟ್ ಎಂಬ ತಾಮ್ರದ ಹಸಿರು ಅದಿರನ್ನು ಅರೆದು ಹಚ್ಚಿಕೊಳ್ಳುತ್ತಿದ್ದರು, ಗಂಡಸರು ಸಹ. ನಮ್ಮ ಕಡೆ ಔಡಲೆಣ್ಣೆ ದೀಪದ ಮೇಲೆ ತಾಟು ಬೋರಲು ಹಾಕಿ ಕಾಡಿಗೆ ಹಿಡಿದು ಅಲ್ಲಿಗೇ ನಿಂತೆವು. ರೆಪ್ಪೆಯ ಮೇಲಿನ ಮಿಂಚನ್ನು ನಾಟಕದವರಿಗೆ ಬಿಟ್ಟುಕೊಟ್ಟೆವು.

ನಾಟಕ ಎಂದ ಕೂಡಲೇ ಅತ್ತಿ ಅಡಕೆ ಬದಿಗಿಟ್ಟರು. ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆ ಶುರುವಾದರೆ ಚೊಳಚಗುಡ್ಡದಲ್ಲಿ ನಾಟಕ ಕಂಪನಿಗಳು ತಿಂಗಳ ಹತ್ತಿರ ಠಿಕಾಣಿ ಹೂಡುತ್ತವೆ, ಒಂದರ ಮಗ್ಗುಲಿಗೆ ಇನ್ನೊಂದು. ಸಣ್ಣವರಿದ್ದಾಗ ಅವರು ಬಂಡಿ ಕಟ್ಟಿಕೊಂಡು ಹೋದವರು. ಗ್ಯಾಸಬತ್ತಿ ಬೆಳಕಿನಲ್ಲಿ ಹಿಂದಿನ ಸಾಲಿನವರಿಗೂ ರಾಣಿಯ ಕಣ್ಣು ಕಾಣಬೇಕಾದರೆ ಹೊಳಪು ಬೇಕೇಬೇಕು ಎಂಬುದು ಅವರ ವಾದ. ಹಳೆಯ ಆಟದ ಮೇಳಗಳ ಬಣ್ಣದ ಪೆಟ್ಟಿಗೆಯಲ್ಲಿ ಹಳದಿಗೆ ಅರದಾಳ, ಕೆಂಪಿಗೆ ಇಂಗಳೀಕ ಇರುತ್ತಿದ್ದವು. ಮೊದಲನೆಯದರಲ್ಲಿ ಆರ್ಸೆನಿಕ್, ಎರಡನೆಯದರಲ್ಲಿ ಪಾದರಸ. ರಾವಣ, ಕೀಚಕ ಮೊದಲಾದವರು ಕಡೆಯ ಅಂಕದವರೆಗೆ ಬದುಕಿರುತ್ತಿದ್ದುದೇ ದೊಡ್ಡದು!

ನನ್ನ ಡಬ್ಬಿಯ ಹೊಳಪು ಅಷ್ಟು ಘಾತಕವಲ್ಲ. ಅದು ಕಾಗೆಬಂಗಾರದ್ದು. ಅಭ್ರಕದ ಸಣ್ಣ ಹಲ್ಲೆಗಳಿಗೆ ಟೈಟಾನಿಯಮ್ ಡೈಆಕ್ಸೈಡಿನ ತೆಳ್ಳನೆಯ ಪದರ ಕೂರಿಸುತ್ತಾರೆ. ಕಂಚು, ತಾಮ್ರ ಬೇಕಾದರೆ ಕಬ್ಬಿಣದ ಆಕ್ಸೈಡು, ಅಂದರೆ ತುಕ್ಕಿನ ದಾಯಾದಿ. (ಅಭ್ರಕವನ್ನು ಝಾರ್ಖಂಡದ ಕೋಡರ್ಮಾ, ಗಿರಿಡೀಹ್ ಕಡೆ ಮಕ್ಕಳೂ ಆಯುತ್ತಾರೆಂದು ಓದಿದ್ದೆ. ಡಬ್ಬಿಯ ಮೇಲೆ ಅದನ್ನು ಬರೆಯುವುದಿಲ್ಲ. ಈಗ ಕಾರ್ಖಾನೆಯಲ್ಲಿ ತಯಾರಿಸಿದ ಅಭ್ರಕವೂ ಬರುತ್ತದಂತೆ, ಅದೇ ಆದರೆ ಒಳಿತು.)

ಆ ಹಸಿರುಗೆಂಪು ಬಿಲ್ಲೆ ಮಾತ್ರ ನಮಗ್ಯಾರಿಗೂ ಅರ್ಥವಾಗಲಿಲ್ಲ. ಮುಂಗೈಗೆ ಹಚ್ಚಿ ಹೀಗೆ ಹಿಡಿದರೆ ಹಸಿರು, ಹಾಗೆ ತಿರುಗಿಸಿದರೆ ಕೆಂಪು. ಅಷ್ಟರಲ್ಲಿ ಲಾಳಿಗೆ ಎಣ್ಣೆ ಕೇಳಲು ಬಂದ ಪಕ್ಕದ ಮನೆಯ ಮಗ್ಗದ ಕಾಕಾ, ಕೈ ಮುಟ್ಟದೆ ದೂರದಿಂದಲೇ ನೋಡಿ ತೀರ್ಪು ಕೊಟ್ಟರು.

“ಹಾಸು ಕೆಂಪೈತಿ, ಹೊಕ್ಕು ಹಸರೈತಿ. ನವಿಲಕುತ್ತಿಗಿ. ಇದರಾಗ ಏನೈತಿ ಹೊಸಾದು?”

ಎಳೆಗಳಿಲ್ಲದ ಪುಡಿಯಲ್ಲಿ ಹಾಸು ಹೊಕ್ಕು ಎಲ್ಲಿಂದ ಬರಬೇಕು! ಆದರೆ ಕಣ್ಣಿಗೆ ಆಗುವ ಮೋಸ ಒಂದೇ. ಮಗ್ಗದಲ್ಲಿ ಎರಡು ಬಣ್ಣದ ನೂಲು ಅಡ್ಡ-ಉದ್ದ ಕೂಡಿ, ನೋಡುವ ದಿಕ್ಕಿನಂತೆ ಒಂದೊಂದು ಮೇಲೇಳುತ್ತದೆ. ಡಬ್ಬಿಯಲ್ಲಿ ಪದರದ ಮೇಲ್ಮೈಯಿಂದ ಮರಳಿದ ಬೆಳಕೂ ತಳದಿಂದ ಮರಳಿದ ಬೆಳಕೂ ಕೂಡಿ ಕೆಲವು ಬಣ್ಣಗಳನ್ನು ಎತ್ತುತ್ತವೆ, ಕೆಲವನ್ನು ಅಳಿಸುತ್ತವೆ. ಪದರ ಸುಮಾರು 50 ನ್ಯಾನೊಮೀಟರ್ ಇದ್ದರೆ ಬೆಳ್ಳಿ. ದಪ್ಪವಾಗುತ್ತ ಹೋದಂತೆ ಬಂಗಾರ, ಕೆಂಪು, ನೀಲಿ, 150ರ ಹತ್ತಿರ ಹಸಿರು. ಇದನ್ನೆಲ್ಲ ವಿವರಿಸಿದಾಗ ಕಾಕಾ ತಾಳ್ಮೆಯಿಂದ ಕೇಳಿದರು.

“ಅಷ್ಟ ತೆಳ್ಳಗ ಕೂಡಸ್ತಾರಂದ್ರ ಕೈ ಪಳಗಿದವರ ಇರಬೇಕು” ಎಂದು, ಆ ಕಾಣದ ನೇಕಾರರಿಗೆ ತಲೆದೂಗಿ, ಎಣ್ಣೆ ಇಸಿದುಕೊಂಡು ಹೋದರು.

ಆ ಮಿಂಚು ಸೋಪಿಗೆ ಜಗ್ಗಲಿಲ್ಲ, ಕೊಬ್ಬರಿ ಎಣ್ಣೆಗೆ ಬಿಟ್ಟಿತು. ಬಿಟ್ಟದ್ದು ಮನೆಯೊಳಗೇ ಸಂಚಾರ ಹೊರಟಿತು. ರೊಟ್ಟಿ ಬಡಿಯುವ ಕಲ್ಲಿನ ಅಂಚಿಗೆ, ಬೆಕ್ಕಿನ ಕಿವಿಗೆ, ಕೊನೆಗೆ ನಮ್ಮವರ ಎಡಗಲ್ಲಕ್ಕೆ. ಸಹಕಾರಿ ಸಂಘದ ಮೀಟಿಂಗಿಗೆ ಅದೇ ಗಲ್ಲದಲ್ಲಿ ಹೋಗಿ ಬಂದ ಅವರು, ಎಲ್ಲರೂ ಇವತ್ತು ತಮ್ಮ ಮಾತನ್ನು ಬಹಳ ಲಕ್ಷ್ಯಗೊಟ್ಟು ಕೇಳಿದರೆಂದು ಸಂತೋಷದಿಂದ ಹೇಳಿದರು. ನಾನು ಏನೂ ತಿಳಿಸಲಿಲ್ಲ.

ರಾತ್ರಿ ಊಟವಾದ ಮೇಲೆ ಅತ್ತಿ ಡಬ್ಬಿಯನ್ನು ತಿರುಗಿಸಿ ಮುರುಗಿಸಿ ನೋಡಿ, ಇದು ಎಷ್ಟು ದಿನ ಕೆಡದೆ ಇರುತ್ತದೆ ಎಂದು ಕೇಳಿದರು. ತೆರೆದ ಮೇಲೆ 12 ತಿಂಗಳು ಎಂದಳು ಹುಡುಗಿ.

“ಹಂಗಾದ್ರ ಬನಶಂಕರಿ ಜಾತ್ರಿಗೆ ಬರತೈತಿ. ಆ ನವಿಲಕುತ್ತಿಗೀದು ನನಗೊಂದೀಟು ಉಳಸು. ಗುಡಿಗೆ ಹೋಗೂ ಮುಂದ ಬ್ಯಾಡ, ನಾಟಕಕ್ಕ ಹೋಗೂ ಮುಂದ ಹಚ್ಚು.”