ಲೋಹೇ ಕಾ ಪುಲ್ ಮೀಮಾಂಸೆ

ದೆಹಲಿಯಲ್ಲಿ ಯಮುನೆಯ ಮೇಲಿರುವ ಹಳೆಯ ಕಬ್ಬಿಣದ ಸೇತುವೆಯನ್ನು ಪಾಮರರು ನದಿ ದಾಟುವ ಸಾಧನವೆಂದು ತಿಳಿದಿದ್ದಾರೆ. ಈ ಭ್ರಮೆಯನ್ನು ಹೋಗಲಾಡಿಸುವುದೇ ಪ್ರಸ್ತುತ ಶಾಸ್ತ್ರದ ಪ್ರಯೋಜನ. ಇದನ್ನು ಬರೆಯುವ ಅಧಿಕಾರಿ, ನದಿಯಿಂದ ಬಹುದೂರ ರೋಹಿಣಿ ಬಡಾವಣೆಯ ಮೂರನೇ ಮಹಡಿಯಲ್ಲಿ ಕೂತು ಟಿವಿ ನೋಡುವ ನಾನು. ಪ್ರವಾಹದ ಬಗ್ಗೆ ಪ್ರಮಾಣಬದ್ಧವಾಗಿ ಬರೆಯುವವರ ಪಾದಗಳು ಒಣಗಿರಬೇಕೆಂಬುದು ವಿದ್ವತ್ ಸಂಪ್ರದಾಯ.

ಮೊದಲು ಲಕ್ಷಣ. 1860ರ ದಶಕದಲ್ಲಿ ಕಟ್ಟಿದ ಈ ಸೇತುವೆಗೆ ಎರಡು ಅಂತಸ್ತು: ಮೇಲೆ ರೈಲು, ಕೆಳಗೆ ರಸ್ತೆ. ನದಿ ಏರಿದರೆ ರಸ್ತೆ ಮುಚ್ಚುತ್ತಾರೆ, ಇನ್ನೂ ಏರಿದರೆ ರೈಲನ್ನೂ ನಿಲ್ಲಿಸುತ್ತಾರೆ. ಯಾರೂ ದಾಟಲಾಗದ ಹೊತ್ತಿನಲ್ಲೇ ಅದರ ಹೆಸರು ಊರೆಲ್ಲ ಕೇಳಿಬರುವುದರಿಂದ, ದಾಟಿಸುವುದು ಅದರ ಧರ್ಮವಲ್ಲ. ಅಳೆಯುವುದು ಅದರ ಧರ್ಮ. ದೆಹಲಿಯಲ್ಲಿ ಯಮುನೆಯ ಮಟ್ಟವೆಂದರೆ ಇಲ್ಲಿ ಅಳೆದ ಮಟ್ಟ: 204.50 ಮೀಟರಿಗೆ ಎಚ್ಚರಿಕೆ, 205.33ಕ್ಕೆ ಅಪಾಯ.

ಇಲ್ಲೊಂದು ಆಕ್ಷೇಪ. 2023ರ ಜುಲೈ 13ರಂದು ಮಟ್ಟ 208.66 ಮುಟ್ಟಿದಾಗ ಹಾಸನದಿಂದ ಸೋದರತ್ತೆ ಫೋನ್ ಮಾಡಿ, "ಇನ್ನೂರ ಎಂಟು ಮೀಟರ್ ನೀರಂತಲ್ಲೋ! ನಿಂದು ಎಷ್ಟನೇ ಮಹಡಿ?" ಎಂದರು. ಅವರ ತರ್ಕದಂತೆ ಒಂದರ ಮೇಲೊಂದು ಎರಡು ಕುತುಬ್ ಮಿನಾರ್ ನಿಲ್ಲಿಸಿದರೂ ಮುಳುಗಬೇಕು. ಅದು ಸಮುದ್ರಮಟ್ಟದಿಂದ ಹಿಡಿದ ಲೆಕ್ಕ ಅತ್ತೆ, ಎಂದೆ. "ದೆಹಲಿಗೆ ಸಮುದ್ರ ಎಲ್ಲಿಂದ ಬಂತೋ?" ಎಂದರು. ಇದಕ್ಕೆ ಯಾವ ಭಾಷ್ಯಕಾರನಲ್ಲೂ ಸಮಾಧಾನವಿಲ್ಲ.

ಪ್ರತ್ಯಕ್ಷ ಪ್ರಮಾಣವನ್ನು ಬೇಗ ಮುಗಿಸೋಣ. ಆ ದಿನಗಳಲ್ಲಿ ಮೆಟ್ರೊ ಯಮುನೆಯ ಸೇತುವೆಗಳ ಮೇಲೆ ಗಂಟೆಗೆ 30 ಕಿ.ಮೀ. ವೇಗದಲ್ಲಿ ತೆವಳುತ್ತಿತ್ತು. ರೋಹಿಣಿಯಿಂದ ಕೆಂಪು ಮಾರ್ಗದ ಟಿಕೆಟ್ ಕೊಂಡವರಿಗೆ ಗಂಗಾಪೂಜೆಯಷ್ಟು ನಿಧಾನದ ನದೀದರ್ಶನ.

ಅನುಮಾನ ಪ್ರಮಾಣವೇ ನಿಜವಾದ ಕಗ್ಗಂಟು. ಹೊಗೆ ಕಂಡಲ್ಲಿ ಬೆಂಕಿ. ನದಿಯ ಮೇಲ್ಹರಿವಿನ ಹತ್ನಿಕುಂಡ್ ಬ್ಯಾರೇಜಿನಿಂದ ಹೆಚ್ಚು ನೀರು ಬಿಟ್ಟರೆ ಎರಡು-ಮೂರು ದಿನದಲ್ಲಿ ದೆಹಲಿಗೆ ನೆರೆ. ಅಲ್ಲಿಯವರೆಗೆ ಸರಿ. ಆದರೆ 1978ರಲ್ಲಿ ಮೇಲಿನಿಂದ ಬಂದದ್ದು ಸುಮಾರು 7 ಲಕ್ಷ ಕ್ಯೂಸೆಕ್, ಸೇತುವೆ ತೋರಿಸಿದ್ದು 207.49. 2023ರಲ್ಲಿ ಬಂದದ್ದು ಸುಮಾರು 3.6 ಲಕ್ಷ, ತೋರಿಸಿದ್ದು 208.66. ಅರ್ಧ ನೀರಿಗೆ ಮೀಟರಿಗೂ ಮಿಕ್ಕಿದ ಏರಿಕೆ! ಸೇತುವೆಗೆ ಅರಳುಮರಳು ಎಂಬುದು ಪೂರ್ವಪಕ್ಷ. ಸಿದ್ಧಾಂತ ಬೇರೆ: ನದಿ ಮೈಚಾಚುತ್ತಿದ್ದ ಬಯಲಿನಲ್ಲಿ ಈ ನಡುವೆ ಕಾಮನ್‌ವೆಲ್ತ್ ಕ್ರೀಡಾಗ್ರಾಮ, ಬಸ್ ಡಿಪೋ, ಮೆಟ್ರೊ ಡಿಪೋಗಳು ಮೈಚಾಚಿದವು, ಪಾತ್ರದಲ್ಲಿ ಹೂಳು ಕೂತಿತು. ಅಗಲಕ್ಕೆ ಜಾಗ ಸಿಗದ ನೀರು ಎತ್ತರಕ್ಕೆ ಬೆಳೆಯಿತು. ರೋಹಿಣಿಯ ಬಿಲ್ಡರುಗಳು ಪಾಲಿಸುವುದೂ ಇದೇ ಸೂತ್ರವನ್ನು.

ಆದ್ದರಿಂದ ಸೇತುವೆ ಆರೋಪಿಯಲ್ಲ, ಸಾಕ್ಷಿ. ಆರೋಪಿಗಳ ಪಟ್ಟಿಗೆ ಅದರ ಕೆಳಹರಿವಿನ ಐಟಿಒ ಬ್ಯಾರೇಜನ್ನು ಸೇರಿಸತಕ್ಕದ್ದು. ಆ ಜುಲೈನಲ್ಲಿ ಅದರ 32 ಗೇಟುಗಳಲ್ಲಿ 5 ಹೂಳು ಕಚ್ಚಿಕೊಂಡು ತೆರೆಯದೆ ನಿಂತವು. ಬಿಡಿಸಲು ಸೇನೆಯ ಎಂಜಿನಿಯರುಗಳ ಜೊತೆ ನೌಕಾಪಡೆಯ ಮುಳುಗುಗಾರರೂ ಇಳಿಯಬೇಕಾಯಿತು. ಅತ್ತೆಗೆ ಅಂತೂ ಒಂದು ಉತ್ತರ ಸಿಕ್ಕಿತು: ಸಮುದ್ರ ಬರಲಿಲ್ಲ, ನೌಕಾಪಡೆ ಬಂತು. ಇನ್ನು ಆ ಬ್ಯಾರೇಜು ಇರುವುದು ದೆಹಲಿಯಲ್ಲಿ. ಆಗ ಅದರ ನಿರ್ವಹಣೆ ಹರಿಯಾಣದ್ದು.